ರಂಗಮಂದಿರದ ಮೆಟ್ಟಿಲು ಹತ್ತಲಾಗದವರ ಪರವಾಗಿ ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ದಿವಾನ್ ರಂಗಾಚಾರ್ಲು ಅವರ ನೆನಪಿಗೆ 1884ರಲ್ಲಿ ಕಟ್ಟಿದ ಮೈಸೂರಿನ ಪುರಭವನ, 1935ರಲ್ಲಿ ಬೆಂಗಳೂರಿನಲ್ಲಿ ಎದ್ದ ಪುಟ್ಟಣ್ಣ ಚೆಟ್ಟಿ ಪುರಭವನ, ಟ್ಯಾಗೋರರ ಜನ್ಮಶತಾಬ್ದಿಯ ಸ್ಮರಣೆಯಾಗಿ ರೂಪುಗೊಂಡು 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ, ಇವೆಲ್ಲವೂ ನಮ್ಮ ಹಲವು ತಲೆಮಾರುಗಳಿಗೆ ನಾಟಕದ ರುಚಿ ಹತ್ತಿಸಿದ ಕಟ್ಟಡಗಳು. ಬೆಂಗಳೂರಿನ ಪುರಭವನದ ಕಂಬಗಳ ಮುಂದಿನ ಮೆಟ್ಟಿಲುಸಾಲಂತೂ ಆ ನಗರದ ಗುರುತೇ ಆಗಿದೆ. ಅಂಥದ್ದನ್ನು ಒಡೆಯಿರಿ ಎಂದು ನಾನು ಕೇಳುತ್ತಿಲ್ಲ.

ನನ್ನ ತಾಯಿ ಕಂಪನಿ ನಾಟಕಗಳನ್ನು ನೋಡಿಕೊಂಡೇ ಬೆಳೆದವರು. ಪಾರ್ಶ್ವವಾಯುವಿನ ನಂತರ ಅವರ ಓಡಾಟ ಗಾಲಿಕುರ್ಚಿಯಲ್ಲಿ. ಈಚೆಗೆ ಅವರನ್ನು ಒಂದು ಹಳೆಯ ರಂಗಮಂದಿರಕ್ಕೆ ಕರೆದುಕೊಂಡು ಹೋಗಿದ್ದೆ. ಅದರ ಹೆಸರು ಇಲ್ಲಿ ಬೇಡ. ಬಾಗಿಲ ಬಳಿ ನಿಂತಿದ್ದ ನಾಲ್ವರು ಹುಡುಗರು ಪ್ರೀತಿಯಿಂದಲೇ ಕುರ್ಚಿಯನ್ನು ಎತ್ತಿ ಮೆಟ್ಟಿಲು ಹತ್ತಿಸಿದರು. ಕುರ್ಚಿ ಹಿಂದಕ್ಕೆ ವಾಲಿದಾಗ ಅಮ್ಮ ಒಂದು ಕೈಯಲ್ಲಿ ಹಿಡಿಕೆಯನ್ನೂ ಇನ್ನೊಂದರಲ್ಲಿ ಸೀರೆಯ ನೆರಿಗೆಯನ್ನೂ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಒಳಗೆ ಕುರ್ಚಿ ನಿಲ್ಲಿಸಲು ಸಾಲುಗಳ ನಡುವೆ ಎಲ್ಲಿಯೂ ಜಾಗವಿರಲಿಲ್ಲವಾದ್ದರಿಂದ ಕೊನೆಯ ಸಾಲಿನ ಹಿಂದೆ, ಕಂಬದ ಮರೆಯಲ್ಲಿ ಕೂತು ಅರ್ಧ ರಂಗವನ್ನಷ್ಟೇ ನೋಡಿದರು. ಶೌಚಾಲಯದ ಬಾಗಿಲಲ್ಲಿ ಮತ್ತೊಂದು ಮೆಟ್ಟಿಲು. ಅದನ್ನು ಮೊದಲೇ ಊಹಿಸಿ ಮಧ್ಯಾಹ್ನದಿಂದ ತಾನು ನೀರನ್ನೇ ಕುಡಿದಿಲ್ಲವೆಂದು ಅವರು ಹೇಳಿದ್ದು ಮನೆಗೆ ಬಂದ ಮೇಲೆ.

ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಸಾಂಸ್ಕೃತಿಕ ಜೀವನದಲ್ಲಿ ಪಾಲ್ಗೊಳ್ಳುವುದನ್ನು ಹಕ್ಕೆಂದೇ ಗುರುತಿಸುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾರ್ಪಡಿಸಲು ಅದು ಕೊಟ್ಟದ್ದು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷ. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ. ಈ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಐದು ಅಡಿ ಎತ್ತರದ ಜಗುಲಿಯಾದರೆ ಅರವತ್ತು ಅಡಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಬೇರೆ. ಪಾರಂಪರಿಕ ಕಟ್ಟಡದ ಮುಂಭಾಗದಲ್ಲಿ ಇದಕ್ಕೆ ಅವಕಾಶವಿಲ್ಲ ಎಂಬ ಮಾತು ಎಷ್ಟೋ ಕಡೆ ನಿಜವೇ. ಆದರೆ ಮಗ್ಗುಲಲ್ಲೊಂದು ಬಾಗಿಲಿದ್ದರೆ ಅಲ್ಲಿ ಇಳಿಜಾರು ಕಟ್ಟಬಹುದು, ಅದಕ್ಕೂ ಜಾಗ ಸಾಲದಿದ್ದರೆ ಚಿಕ್ಕದೊಂದು ಲಿಫ್ಟ್ ಕೂರಿಸಬಹುದು. ಇದರಿಂದ ಕಟ್ಟಡದ ಅಂದವೇನೂ ಕೆಡುವುದಿಲ್ಲ. ಒಳಗೆ, ರಂಗ ಪೂರ್ತಿ ಕಾಣುವ ಸಾಲಿನಲ್ಲಿ ತುದಿಯ ಕೆಲವು ಆಸನಗಳನ್ನು ತೆಗೆದು ಗಾಲಿಕುರ್ಚಿಗೆ ಜಾಗ ಬಿಡಿಸಬೇಕು, ಜೊತೆಗೆ ಬಂದವರಿಗೆ ಪಕ್ಕದಲ್ಲೇ ಆಸನ ಸಿಗಬೇಕು. ಶೌಚಾಲಯವನ್ನು ಮಾತ್ರ ದಯವಿಟ್ಟು ಕೊನೆಗೆಂದು ಮುಂದೂಡಬೇಡಿ. ನಮ್ಮಂಥವರು ನಾಟಕಕ್ಕೆ ಹೊರಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಅದೇ.

ತಮ್ಮ ಇಲಾಖೆಗೆ ಸೇರಿದ ರಂಗಮಂದಿರಗಳನ್ನು ಗಾಲಿಕುರ್ಚಿ ಬಳಸುವವರನ್ನೂ ಜೊತೆಗಿರಿಸಿಕೊಂಡು ಪರಿಶೀಲಿಸಲು ಆದೇಶಿಸಬೇಕೆಂದೂ, ಎಲ್ಲಿ ಎಷ್ಟು ಮೆಟ್ಟಿಲಿವೆ, ಯಾವ ಬಾಗಿಲಿನಿಂದ ಬರಬಹುದು ಎಂಬ ವಿವರವನ್ನು ಅಲ್ಲಿಯವರೆಗೆ ಟಿಕೆಟಿನ ಮೇಲಾದರೂ ಮುದ್ರಿಸಲು ಸೂಚಿಸಬೇಕೆಂದೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಾಟಕ ಪ್ರೇಕ್ಷಕ