ಒಂದೇ ಹುಲ್ಲು, ಎರಡು ಆಟ

ಪ್ರೀತಿಯ ಗಿರೀಶ,

ನಿಮ್ಮೂರಿಗೆ ಹೊಸ ಸ್ಟೇಡಿಯಂ ಬರುತ್ತಂತೆ, ಓಟದ ಟ್ರ್ಯಾಕಿನ ಒಳಗೇ ಫುಟ್‌ಬಾಲ್ ಮೈದಾನವೂ ಇರಲಿ ಅಂತ ಮನವಿಗೆ ನೀನೂ ಸಹಿ ಹಾಕಿದೆಯಂತೆ. ಒಳ್ಳೆಯದೇ. ಆದರೆ ಇನ್ನೊಂದು ಸಭೆಗೆ ಹೋಗುವ ಮುಂಚೆ ನಮ್ಮ ಬೆಂಗಳೂರಿನ ಕಂಠೀರವಕ್ಕೆ ಒಂದು ಸಲ ಬಂದು ಹೋಗು ಮಾರಾಯ.

ಇದು 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಿದ್ಧವಾದ ಕ್ರೀಡಾಂಗಣ. ಮೊದಲು ಇಲ್ಲೆಲ್ಲ ಸಂಪಂಗಿ ಕೆರೆ ಇತ್ತು. ಈಗ ಕರಗದ ಪೂಜೆಗೆ ಅಂತ ಪಕ್ಕದಲ್ಲಿ ಒಂದು ಚಿಕ್ಕ ಕೊಳ ಉಳಿದಿದೆ, ಅಷ್ಟೆ.

ಬೆಳಗ್ಗೆ ಬಂದರೆ ಅಥ್ಲೆಟಿಕ್ಸ್ ಕ್ಲಬ್ಬುಗಳ ಮಕ್ಕಳು, ವಿಸಿಲ್ ಹಿಡಿದ ಕೋಚ್‌ಗಳು. ಟ್ರ್ಯಾಕಿಗೆ ಜಗಳ ಇಲ್ಲ. ಜಗಳವೆಲ್ಲ ಒಳಗಿನ ಹುಲ್ಲಿಗೆ. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಬಂದು ಬೀಳುವುದು ಅಲ್ಲೇ. ಹ್ಯಾಮರ್ ಅಂದರೆ ತಂತಿಗೆ ಕಟ್ಟಿದ ಲೋಹದ ಗುಂಡು, ಗಂಡಸರದ್ದು 7.26 ಕಿಲೋ ತೂಗುತ್ತದೆ. ಅಷ್ಟು ದೂರದಿಂದ ಹಾರಿ ಬಂದು ಬಿದ್ದರೆ ಹುಲ್ಲು ಕಿತ್ತು ಗುಂಡಿ ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ಫುಟ್‌ಬಾಲ್ ಡಿಫೆಂಡರ್ ಓಡುತ್ತ ಓಡುತ್ತಲೇ ಗಕ್ಕನೆ ತಿರುಗಬೇಕು. ಮೊಣಕಾಲು ತಿರುಚಿತೋ, ಆ ಸೀಸನ್ ಮುಗೀತು. ಹಾಗಂತ ಹುಲ್ಲಿಗೆ ಕಾಲಿಡಬೇಡಿ ಅಂದರೆ ಎಸೆಯುವ ಹುಡುಗರು ಎಲ್ಲಿಗೆ ಹೋಗಬೇಕು? ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬು ಇಲ್ಲಿ ಆಡಲು ಶುರು ಮಾಡಿದ ಮೇಲೆ ಈ ತಕರಾರು ಕೋರ್ಟಿನವರೆಗೂ ಹೋಯಿತು. ನನ್ನ ಕೇಳಿದರೆ ಎರಡೂ ಕಡೆಯವರು ಹೇಳುವುದು ಸರಿ. ಇಷ್ಟು ದೊಡ್ಡ ಊರಿಗೆ ಇದೊಂದು ಮೈದಾನ ಸಾಕು ಅಂದುಕೊಂಡವರದ್ದೇ ತಪ್ಪು.

ಆದರೂ ಈ ಹುಲ್ಲು ಕೊಟ್ಟ ಖುಷಿಗೆ ಲೆಕ್ಕ ಇಲ್ಲ. 2016ರ ಅಕ್ಟೋಬರ್ 19ರಂದು ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೋಹೋರ್ ತಂಡವನ್ನು ಇಲ್ಲೇ 3-1ರಿಂದ ಸೋಲಿಸಿದ್ದು. ಛೇತ್ರಿ ಎರಡು ಗೋಲು, ಹುವಾನನ್ ಒಂದು. ಅದಕ್ಕೆ ಮುಂಚೆ ಭಾರತದ ಯಾವ ಕ್ಲಬ್ಬೂ ಆ ಕಪ್ಪಿನ ಫೈನಲ್ ಕಂಡಿರಲಿಲ್ಲ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್) ಫೈನಲ್‌ನಲ್ಲಿ ಭಾರತದ ಗೋಲಿ ಗುರುಪ್ರೀತ್ ಕುವೈತಿನ ಕೊನೆಯ ಪೆನಾಲ್ಟಿ ತಡೆದಿದ್ದೂ ಇಲ್ಲೇ. ಇನ್ನು 2025ರ ಜುಲೈ 5ರಂದು ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದನಲ್ಲ, ಆ ಜಾವೆಲಿನ್ ಬಿದ್ದಿದ್ದೂ ಇದೇ ಹುಲ್ಲಿಗೆ. ಆ ಕೂಟ ಮೊದಲು ಹರಿಯಾಣದ ಪಂಚಕುಲದಲ್ಲಿ ಆಗಬೇಕಿತ್ತು. ಅಲ್ಲಿ ಫ್ಲಡ್‌ಲೈಟ್ ಸಾಲದು ಅಂತ ನಮಗೆ ಸಿಕ್ಕಿತು. ನಮ್ಮ ಅದೃಷ್ಟ ನೋಡು!

ಒಂದು ಮಾತ್ರ ನನಗೆ ಸೇರಲ್ಲ. ಗೋಲ್ ಹಿಂದೆ ಕೂತರೆ ನಮಗೂ ಚೆಂಡಿಗೂ ನಡುವೆ ಟ್ರ್ಯಾಕಿನ ತಿರುವು ಬರುತ್ತದೆ. ಆಟಗಾರನ ಮುಖ ಕಾಣಲ್ಲ, ನಂಬರ್ ನೋಡಿ ಗುರುತು ಹಿಡಿಯಬೇಕು. ಅದಕ್ಕೇ ನನಗೆ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂ ಜಾಸ್ತಿ ಇಷ್ಟ. ಬೆಂಗಳೂರಿನ ಸೂಪರ್ ಡಿವಿಷನ್ ಫುಟ್‌ಬಾಲ್ ಲೀಗಿನಲ್ಲಿ ಎಚ್‌ಎಎಲ್, ಎಂಇಜಿ, ಎಎಸ್‌ಸಿ ಥರದ ಫ್ಯಾಕ್ಟರಿ, ಸೈನ್ಯದ ತಂಡಗಳ ಜೊತೆ ಕಿಕ್‌ಸ್ಟಾರ್ಟ್‌, ಸೌತ್ ಯುನೈಟೆಡ್‌ನಂಥ ಕ್ಲಬ್ಬುಗಳು ಆಡಿದ್ದು ಅಲ್ಲೇ. ಕೋಚ್ ಬೈಯುವುದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. 2023ರಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯಗಳ ನಡುವಿನ ಫುಟ್‌ಬಾಲ್ ಕಪ್ಪು ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅದಕ್ಕೆ ಬೇರು ಇಂಥ ಲೀಗು ಅಂತ ನಾನು ವಾದ ಮಾಡುತ್ತೇನೆ.

ಅದಕ್ಕೇ ಹೇಳುವುದು, ಸಭೆಯಲ್ಲಿ ಒಂದೇ ಒಂದು ಬೇಡಿಕೆ ಇಡು. ಸ್ಟೇಡಿಯಂ ಹೊರಗೆ ಎಸೆತಕ್ಕೆ ಅಂತಲೇ ಬೇರೆ ಜಾಗ. ಗ್ಯಾಲರಿ ಬೇಡ, ಬಣ್ಣ ಬೇಡ. ಒಂದು ಬಲೆ, ಒಂದು ಸಿಮೆಂಟ್ ವೃತ್ತ, ಉದ್ದಕ್ಕೆ ಖಾಲಿ ನೆಲ. ನಕ್ಷೆ ಪಾಸಾದ ಮೇಲೆ ಕೇಳಿದರೆ ಯಾರೂ ಕೊಡಲ್ಲ.

ಯಾವಾಗ ಬರುತ್ತೀ ಹೇಳು. ಕಬ್ಬನ್ ಪಾರ್ಕ್ ಮೆಟ್ರೋ ಹತ್ತಿರ ಸಿಗುತ್ತೇನೆ.

ನಿನ್ನ,
ರವಿ