ಈ ಭಾನುವಾರ ಕೇಳುವ ಎಲ್‌ಪಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಪಿಂಕ್ ಫ್ಲಾಯ್ಡ್ ರಾಕ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಲ್‌ಪಿ (ದೊಡ್ಡ ಗ್ರಾಮಫೋನ್ ರೆಕಾರ್ಡ್) ಕೇಳೋಣ. 1973ರದ್ದು. ಎರಡೂ ಬದಿ ಸೇರಿ ಸುಮಾರು 43 ನಿಮಿಷ, ಅಷ್ಟೇ.

ಫೋನಿನಲ್ಲಿ ಕೇಳಿದವರೂ ಬನ್ನಿ, ರೆಕಾರ್ಡಿನಲ್ಲಿ ಕೇಳುವ ಮಜವೇ ಬೇರೆ. ಮೊದಲ ಬದಿ ಮುಗಿಯುವುದು ಗಾಯಕಿ ಕ್ಲೇರ್ ಟೋರಿ ಅವರ ದನಿಯಲ್ಲಿ. ಸಾಹಿತ್ಯವೇ ಇಲ್ಲ, ಬರೀ ಆಲಾಪ. ಆಮೇಲೆ ಎದ್ದು ಹೋಗಿ ರೆಕಾರ್ಡ್ ಮಗುಚಬೇಕು. ಆ ಮೌನ ಮುಗಿದ ಕೂಡಲೇ ‘ಮನಿ’ (ದುಡ್ಡು) ಹಾಡು ಶುರು: ಚಿಲ್ಲರೆ ಕಾಸಿನ ಝಣಝಣ, ಗಲ್ಲಾಪೆಟ್ಟಿಗೆಯ ಟ್ರಿಂಗ್! ಟೇಪನ್ನು ತುಂಡು ತುಂಡಾಗಿ ಕತ್ತರಿಸಿ, ಅಂಟಿಸಿ ಮಾಡಿದ ಸದ್ದು ಅದು. ತಾಳ ಎಣಿಸಿ ನೋಡಿ, ಒಂದು ಸುತ್ತಿಗೆ ಏಳು ಎಣಿಕೆ. ನಮ್ಮ ಕರ್ನಾಟಕ ಸಂಗೀತದ ಮಿಶ್ರಛಾಪು ತಾಳದಲ್ಲೂ ಏಳೇ ಅಲ್ವಾ?

ರೆಕಾರ್ಡನ್ನು ಅಂಚಿನಲ್ಲೇ ಹಿಡಿಯಿರಿ, ದಯವಿಟ್ಟು. ಹೋದ ಸಲ ಬಿದ್ದ ಗೀರು ಇನ್ನೂ ಟಿಕ್ ಟಿಕ್ ಅನ್ನುತ್ತಿದೆ.