ಶಿಶುಮರಣ: ತಾಲ್ಲೂಕುವಾರು ಲೆಕ್ಕ ಪ್ರಕಟವಾಗಲಿ

ಮಾನ್ಯ ಸಂಪಾದಕರೇ,

1971ರಲ್ಲಿ ನಮ್ಮ ದೇಶದಲ್ಲಿ ಜೀವಂತ ಜನಿಸಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಜನನ-ಮರಣಗಳ ಲೆಕ್ಕವಿಡುವ ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ಇದು ದೊಡ್ಡ ಸಾಧನೆಯೇ. ಆದರೆ ಅದೇ ವರ್ಷ ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43 ಇದ್ದುದನ್ನು ನೋಡಿದರೆ, ಮಗು ಎಲ್ಲಿ ಹುಟ್ಟಿತು ಎಂಬುದೇ ಅದರ ಆಯುಷ್ಯವನ್ನು ಇಂದಿಗೂ ನಿರ್ಧರಿಸುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ರಾಜ್ಯದ ಸರಾಸರಿಯೊಳಗೂ ಇಂಥ ಅಂತರಗಳು ಅಡಗಿರುತ್ತವೆ. ಆರೋಗ್ಯ ಸಹಾಯಕಿಯಾಗಿದ್ದಾಗ, ಜಡಿಮಳೆಯ ಒಂದು ಮಧ್ಯಾಹ್ನ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಐದು ದಿನದ ಕೂಸನ್ನು ತಕ್ಕಡಿಯ ಜೋಲಿಯಲ್ಲಿಟ್ಟು ತೂಕ ನೋಡಿದ್ದೆ. ಮುಳ್ಳು ಎರಡು ಕಿಲೋ ಮುಟ್ಟಲಿಲ್ಲ, ಪಾದಗಳು ತಣ್ಣಗಿದ್ದವು. ಹೊರರಾಜ್ಯದಿಂದ ಕೆಲಸಕ್ಕೆ ಬಂದಿದ್ದ ಆ ತಾಯಿಯ ಬಳಿ ಗರ್ಭಿಣಿಯರ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್ ಇರಲಿಲ್ಲ. ಕೂಸನ್ನು ಅವಳ ಎದೆಗೆ ಅವಚಿಸಿ, ಕಂಬಳಿ ಹೊದಿಸಿ, ಜೀಪು ಬರುವವರೆಗೆ ಕಾದೆವು. ಆ ಮಗು ಉಳಿಯಿತು.

ಶಿಶುಮರಣಗಳಲ್ಲಿ ಬಹುಪಾಲು ಹುಟ್ಟಿದ ಮೊದಲ 28 ದಿನಗಳಲ್ಲೇ, ಅವಧಿಪೂರ್ವ ಜನನ, ಕಡಿಮೆ ತೂಕ, ಉಸಿರುಗಟ್ಟುವಿಕೆ ಹಾಗೂ ಸೋಂಕಿನಿಂದ ಸಂಭವಿಸುತ್ತವೆ. ಈ ದಿನಗಳಲ್ಲಿ ಆಶಾ ಕಾರ್ಯಕರ್ತೆಯರ ಮನೆಭೇಟಿ ತಪ್ಪಬಾರದು; ವಲಸೆ ಬಂದವರ ಮನೆಗಂತೂ ತಪ್ಪಲೇಬಾರದು.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಮಲೆನಾಡಿನ ಮೂಡಿಗೆರೆ, ಕೊಪ್ಪಗಳ ಸ್ಥಿತಿ ಬೇರೆ, ಬಯಲುಸೀಮೆಯ ಕಡೂರಿನ ಸ್ಥಿತಿ ಬೇರೆ. ಆದ್ದರಿಂದ ಜಿಲ್ಲಾಡಳಿತವು ಶಿಶುಮರಣದ ಅಂಕಿ-ಅಂಶಗಳನ್ನು ತಾಲ್ಲೂಕುವಾರು, ಸಾವಿನ ಕಾರಣ ಮತ್ತು ಎಷ್ಟನೇ ದಿನ ಎಂಬ ವಿವರದೊಂದಿಗೆ ಪ್ರತಿವರ್ಷ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಆರೋಗ್ಯ ಸಹಾಯಕಿ, ಮೂಡಿಗೆರೆ